ಮಂಗಟ್ಟೆ ಹಕ್ಕಿಗೆ ಎಂಥ ಬಟ್ಟೆ?

"ಅಜ್ಜಿ, ಇದು ಹತ್ತಿ ಅಲ್ಲ. ನೋಡು ಬೇಕಾದ್ರೆ."

ಮೊಮ್ಮಗಳ ಕೈಯಲ್ಲಿ ಅಡುಗೆಮನೆಯ ಇಕ್ಕಳ. ಇಕ್ಕಳದ ತುದಿಯಲ್ಲಿ ಬೆರಳಗಲದ ಬಟ್ಟೆ ಚೂರು. ಅದು ಸುಟ್ಟು ಬೂದಿಯಾಗಿರಲಿಲ್ಲ. ಕರಗಿ, ಮುದುಡಿ, ಕರೀಮಣಿಯ ಹಾಗೆ ಗಟ್ಟಿಯಾಗಿತ್ತು. ಅಡುಗೆಮನೆ ತುಂಬ ಏನೋ ಔಷಧಿ ಬಾಟಲಿ ಸುಟ್ಟಂಥ ವಾಸನೆ. ಪಕ್ಕದ ತಟ್ಟೆಯಲ್ಲಿ ನನ್ನ ಹಳೇ ಕಾಟನ್ ಸೀರೆಯ ಚೂರೊಂದು ಸುಟ್ಟು ಬಿದ್ದಿತ್ತು. ಅದು ಕಾಗದದಂತೆ ಉರಿದು, ಊದಿದರೆ ಹಾರುವ ಬೂದಿಯಾಗಿತ್ತು.

ಇದೆಲ್ಲ ಶುರುವಾದದ್ದು ಒಂದು ಬೇಸಿಗೆ ರಜೆಯಲ್ಲಿ. ನಮ್ಮೂರು ಇರುವುದು ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ದಾರಿಯಲ್ಲಿ. ಮೊಮ್ಮಗಳ ತರಗತಿಯ 22 ಮಕ್ಕಳಿಗೆ ಅವರ ಮೇಷ್ಟ್ರು ಒಂದು ಕೆಲಸ ಹಚ್ಚಿದ್ದರು: ನಿಮ್ಮ ತೋಟದಲ್ಲಿ ಕಂಡದ್ದನ್ನು ಬರೆದು ತನ್ನಿ. ಮಂಗಟ್ಟೆ, ಕೆಂದಳಿಲು, ಕಾಡುಕೋಳಿ, ಮಿಂಚುಹುಳು, ಜಿಗಣೆ ಎಲ್ಲ ಬಂದವು. ಹಾರುವ ಓತಿ ಮಾತ್ರ ಆರು ಬಂದವು. ಮೇಷ್ಟ್ರು ತೇಜಸ್ವಿಯವರ 'ಕರ್ವಾಲೊ' ಓದಿ ಹೇಳಿದ ಫಲ ಅದು. ಈ ಚಿತ್ರಗಳನ್ನೆಲ್ಲ ಡಿಸೆಂಬರಿನ ಶಾಲಾ ವಾರ್ಷಿಕೋತ್ಸವಕ್ಕೆ ಒಂದು ದೊಡ್ಡ ಪರದೆಯ ಮೇಲೆ ಅಚ್ಚು ಹಾಕಿಸಬೇಕು, ಒಬ್ಬೊಬ್ಬರಿಗೂ ಅವರವರ ಚಿತ್ರದ ಚೀಲ ಮಾಡಿಸಬೇಕು ಎಂದು ಮಕ್ಕಳು ತೀರ್ಮಾನ ಮಾಡಿದರು. ದುಡ್ಡು? ಮೆಣಸಿನ ಕೊಯ್ಲು ಮುಗಿದ ಮೇಲೆ ಬಳ್ಳಿಯ ಬುಡದಲ್ಲಿ ಉದುರಿದ ಕಾಳು ಉಳಿದಿರುತ್ತದಲ್ಲ, ಅದನ್ನು ಹೆಕ್ಕಿ, ಒಣಗಿಸಿ, ಮಾರಿ ಸೇರಿಸಿದ್ದು. ಒಂದೊಂದೇ ಕಾಳು ಹೆಕ್ಕಿದ ದುಡ್ಡು ಅಂದರೆ ಮಕ್ಕಳು ಲೆಕ್ಕ ಕೇಳುತ್ತಾರೆ, ಬಿಡುವುದಿಲ್ಲ.

ಪಟ್ಟಣದ ಒಂದು ಮುದ್ರಣದ ಅಂಗಡಿಗೆ ನಾನೇ ಹೋಗಿದ್ದೆ. "ಪ್ಯೂರ್ ಕಾಟನ್ ಮೇಡಂ" ಅಂದರು. ಮಾದರಿಗೆ ಒಂದು ಮೊಳ ಬಟ್ಟೆಯ ಮೇಲೆ ಮಂಗಟ್ಟೆಯ ಚಿತ್ರ ಅಚ್ಚು ಹಾಕಿ ಕೊಟ್ಟರು. ಕೊಕ್ಕಿನ ಬಣ್ಣ ಹೊಳೆಯುತ್ತಿತ್ತು, ನನಗೆ ಖುಷಿಯಾಗಿತ್ತು. ಆದರೆ ತೊಳೆದು ಹೊರಗೆ ಹಾಕಿದರೆ, ಮಳೆ ಹಿಡಿಯುವ ಮುಂಚಿನ ಆ ಸೆಕೆಯಲ್ಲೂ, ಅದು ಕಾಲು ಗಂಟೆಯಲ್ಲಿ ಒಣಗಿಬಿಟ್ಟಿತು. ಹತ್ತಿ ಹಾಗೆ ಒಣಗುವುದಿಲ್ಲ. ಮೊಮ್ಮಗಳಿಗೆ ಅನುಮಾನ ಬಂದದ್ದು ಅಲ್ಲಿ.

ಮಕ್ಕಳೇ, ಈ ಸುಡುವ ಪರೀಕ್ಷೆಯನ್ನು ನೀವೂ ಮಾಡಬಹುದು. ಆದರೆ ಮನೆಯ ಹಿರಿಯರು ಪಕ್ಕದಲ್ಲಿರಬೇಕು, ಕೆಳಗೆ ನೀರು ತುಂಬಿದ ತಟ್ಟೆ ಇರಬೇಕು, ಚೂರು ಚಿಕ್ಕದಿರಬೇಕು. ರೇಷ್ಮೆ ಮತ್ತು ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಸುಟ್ಟಿದ್ದನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗಿದ ಹನಿ ಕೈಗೆ ತಾಗಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಹುಷಾರು.

ಯಂತ್ರಕ್ಕೆ ಇಷ್ಟವಾದ ಬಟ್ಟೆ

ಅಂಗಡಿಯವರು ಯಾಕೆ ಹಾಗೆ ಮಾಡಿದರು ಎಂದು ಬೈಯುತ್ತ ಕೂರುವ ಬದಲು ಈ ಮುದ್ರಣ ಹೇಗೆ ನಡೆಯುತ್ತದೆ ಎಂದು ನೋಡೋಣ.

ಹಿಂದೆ ಬಟ್ಟೆಗೆ ಅಚ್ಚು ಹಾಕಬೇಕಾದರೆ ಮರದ ಅಚ್ಚು ಕೆತ್ತಬೇಕಿತ್ತು. ಆಮೇಲೆ ಸ್ಕ್ರೀನ್ ಬಂತು, ಅದರಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು. ಹತ್ತು ಬಣ್ಣದ ಹಕ್ಕಿಗೆ ಹತ್ತು ಚೌಕಟ್ಟು ಬೇಕು. ನೂರಾರು ಮೀಟರ್ ಹಾಕಿಸುವವರಿಗೆ ಮಾತ್ರ ಅದು ಗಿಟ್ಟುತ್ತಿತ್ತು. ಡಿಜಿಟಲ್ ಮುದ್ರಣ ಎಂದರೆ ಕಚೇರಿಯ ಕಂಪ್ಯೂಟರಿನ ಪ್ರಿಂಟರೇ, ಕಾಗದದ ಜಾಗದಲ್ಲಿ ಬಟ್ಟೆಯ ಸುರುಳಿ. ಕೂದಲಿಗಿಂತ ಸಣ್ಣ ತೂತುಗಳಿಂದ ಬಣ್ಣದ ಹನಿ ಚಿಮ್ಮುತ್ತದೆ. ಆ ಹನಿಯನ್ನು ಅಳೆಯುವುದು ಪಿಕೋಲೀಟರಿನಲ್ಲಿ, ಅಂದರೆ ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇದರಲ್ಲಿ ಒಂದೇ ಮೀಟರ್ ಬೇಕೆಂದರೂ ಹಾಕಿಸಬಹುದು. ಹಾಗಾಗಿಯೇ 22 ಮಕ್ಕಳ 22 ಚಿತ್ರ ಸಾಧ್ಯವಾದದ್ದು.

ಆದರೆ ಬಣ್ಣಕ್ಕೂ ಬಟ್ಟೆಗೂ ಜಾತಕ ಕೂಡಬೇಕು. ಹತ್ತಿಗೆ ರಿಯಾಕ್ಟಿವ್ ಬಣ್ಣ, ರೇಷ್ಮೆ ಮತ್ತು ಉಣ್ಣೆಗೆ ಆಸಿಡ್ ಬಣ್ಣ, ಪಾಲಿಯೆಸ್ಟರಿಗೆ ಡಿಸ್ಪರ್ಸ್ ಬಣ್ಣ. ಪಿಗ್ಮೆಂಟ್ ಬಣ್ಣ ಎಲ್ಲದರ ಮೇಲೂ ಕೂರುತ್ತದೆ, ಆದರೆ ಅಂಟಿನ ಸಹಾಯದಿಂದ ಮೇಲೆ ಮೇಲೆ ಕೂರುವುದು ಅದು. ಇವುಗಳಲ್ಲಿ ಸುಲಭದ್ದು ಪಾಲಿಯೆಸ್ಟರ್. ಚಿತ್ರವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಬಟ್ಟೆಯ ಮೇಲಿಟ್ಟು, ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತಿದರೆ ಬಣ್ಣ ಆವಿಯಾಗಿ ಎಳೆಯೊಳಗೆ ಹೊಕ್ಕುತ್ತದೆ. ಒಂದು ನಿಮಿಷದ ಕೆಲಸ. ತೊಳೆಯುವುದಿಲ್ಲ, ಹಬೆಗೆ ಇಡುವುದಿಲ್ಲ. ಚಿಕ್ಕ ಅಂಗಡಿಯವರು ಇದನ್ನೇ ಇಟ್ಟುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಕಾಟನ್ ಅಂತ ಹೇಳದೆ ಇದ್ದಿದ್ದರೆ ನನಗೂ ತಕರಾರಿರಲಿಲ್ಲ.

"ಹೊಳೀತಾ ಇದೆಯಲ್ಲ, ಅಗ್ಗ, ಬಾಳಿಕೆ ಬರುತ್ತೆ. ಪಾಲಿಯೆಸ್ಟರ್ ಆದ್ರೇನಂತೆ?" ಇದು ತರಗತಿಯ ಹುಡುಗನೊಬ್ಬನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಕಂಬಳಿ ಕೊಪ್ಪೆಯಿಂದ ಫ್ಲೆಕ್ಸಿನವರೆಗೆ

ಉತ್ತರ ಹೇಳಲು ನಾನು ನನ್ನ ಚಿಕ್ಕಂದಿನ ಮಳೆಗಾಲಕ್ಕೆ ಹೋಗಬೇಕಾಯಿತು. ಆಗ ತೋಟದಲ್ಲಿ ಕೆಲಸ ಮಾಡುವವರ ತಲೆ ಮೇಲೆ ಕಂಬಳಿ ಕೊಪ್ಪೆ, ಗದ್ದೆ ನಾಟಿಯಲ್ಲಿ ಬೆನ್ನ ಮೇಲೆ ಗೊರಬು. ಕಂಬಳಿ ಬಯಲುಸೀಮೆಯ ಕುರಿಯ ಉಣ್ಣೆಯದು. ಚಳ್ಳಕೆರೆ ಕಡೆಯ ಕಂಬಳಿ ಎಂದರೆ ಬೆಲೆ ಜಾಸ್ತಿ. ನಮ್ಮ ಬೆಟ್ಟದಲ್ಲಿ ಬಟ್ಟೆಗೆ ಬೇಕಾದ್ದು ಏನೂ ಬೆಳೆಯುವುದಿಲ್ಲ. ತೋಟದಲ್ಲಿ ಬೂರುಗದ ಮರವೇನೋ ಇದೆ, ಕಾಯಿ ಒಡೆದಾಗ ಹತ್ತಿ ಹಾರುತ್ತದೆ, ಆದರೆ ಅದರ ಎಳೆ ಗಿಡ್ಡ, ನುಣುಪು. ದಿಂಬಿಗೆ ತುಂಬಬಹುದೇ ಹೊರತು ನೂಲಲು ಬರುವುದಿಲ್ಲ. ಹಾಗಾಗಿ ಇಲ್ಲಿಂದ ಕಾಫಿ, ಮೆಣಸು, ಏಲಕ್ಕಿ ಕೆಳಗಿಳಿಯುತ್ತಿತ್ತು, ಬಟ್ಟೆ ಮೇಲೆ ಹತ್ತುತ್ತಿತ್ತು.

ಕಂಬಳಿ ಹರಿದರೆ ಕಟ್ಟೆಯ ಮೇಲೆ ಹಾಸುತ್ತಿದ್ದರು, ಆಮೇಲೆ ಕರುವಿನ ಬೆನ್ನಿಗೆ, ಕೊನೆಗೆ ಗೊಬ್ಬರದ ಗುಂಡಿಗೆ. ಆ ಗುಂಡಿಯಿಂದ ಮತ್ತೆ ಕಾಫಿ ಗಿಡದ ಬುಡಕ್ಕೆ.

ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಹಗುರ, ನೀರು ಇಳಿಯುವುದಿಲ್ಲ, ಅದನ್ನು ಹೊದ್ದವರನ್ನು ನಾನು ದೂರುವುದಿಲ್ಲ. ಅದರ ಹಿಂದೆಯೇ ಫ್ಲೆಕ್ಸ್ ಬಂತು. ಜಾತ್ರೆ, ಚುನಾವಣೆ, ಹುಟ್ಟುಹಬ್ಬ ಮುಗಿದ ಮೇಲೆ ಆ ಫ್ಲೆಕ್ಸ್ ನಮ್ಮ ಸೌದೆ ರಾಶಿಗೆ ಹೊದಿಕೆ. ಯಾರೋ ಪುಢಾರಿಯ ನಗುಮುಖ ಮೂರು ಮಳೆಗಾಲ ನಮ್ಮ ಕೊಟ್ಟಿಗೆ ಹಿಂದೆ ನಗುತ್ತಿತ್ತು! ನಾಲ್ಕನೇ ವರ್ಷ ಅದು ಚೂರು ಚೂರಾಗಿ ಹಳ್ಳಕ್ಕೆ ಹೋಯಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಕೈಚೀಲಗಳನ್ನು ನಿಷೇಧಿಸಿತು. "ಬಟ್ಟೆ ಬ್ಯಾನರ್" ಎನ್ನುವುದಕ್ಕೆ ಬೇಡಿಕೆ ಬಂದದ್ದು ಆಮೇಲೆ. ಆದರೆ ಆ ಬಟ್ಟೆಯಲ್ಲಿ ಬಹಳಷ್ಟು ಪಾಲಿಯೆಸ್ಟರೇ. ಪಾಲಿಯೆಸ್ಟರ್ ಎಂದರೆ ಪೆಟ್ರೋಲಿಯಂನಿಂದ ಬಂದದ್ದು, ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನ ಒಡಹುಟ್ಟು. ಅದರ ಎಳೆಗೆ 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಪೇಟೆಂಟ್ ಪಡೆದರು. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಅದರಿಂದ ಉದುರುತ್ತವೆ.

ಉದುರಿದ್ದು ಎಲ್ಲಿಗೆ ಹೋಗುತ್ತದೆ? ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಅದು ಕಾವೇರಿಗೆ ಸೇರುತ್ತದೆ. ಕಳಸದ ಮಗ್ಗುಲಲ್ಲಿ ಹರಿಯುವ ಭದ್ರೆ ತುಂಗಭದ್ರೆಯಾಗಿ ಕೃಷ್ಣೆಗೆ ಹೋಗುತ್ತದೆ. ನಾವು ನೀರಿನ ತಲೆಯ ಮೇಲೆ ಕೂತವರು. ನಮ್ಮ ಅಂಗಳದ ಕಲ್ಲಿನ ಮೇಲೆ ಒಗೆದ ನೀರು ಎಷ್ಟೋ ಊರಿನವರ ಕೊಡಕ್ಕೆ ಹೋಗುತ್ತದೆ. ಆ ಹುಡುಗ ಭೂಪಟ ತೆಗೆದು ಬೆರಳಿಟ್ಟು ನೋಡಿದ. ಮತ್ತೆ ಕೇಳಲಿಲ್ಲ.

ಖಾದಿಯೂ ಕೈಕೊಟ್ಟಿತು

ಸರಿ, ಹಾಗಾದರೆ ಖಾದಿ! ಎಲ್ಲರಿಗೂ ಹುರುಪು. ಖಾದಿ ಭಂಡಾರದಿಂದ ಕೋರಾ ಬಟ್ಟೆ ಎರಡು ಮೀಟರ್ ತಂದು ಬೆಂಗಳೂರಿನಲ್ಲಿರುವ ಮಗನಿಗೆ ಬಸ್ಸಿನಲ್ಲಿ ಕಳಿಸಿದೆ. ಹತ್ತಿಗೆ ಮುದ್ರಿಸುವ ಘಟಕ ಅಲ್ಲಿತ್ತು. ಅವರು "ಇದು ಹೀಗೇ ಹಾಕಿದ್ರೆ ಬರಲ್ಲ" ಅಂತ ಮೊದಲೇ ಹೇಳಿದರಂತೆ. ನಮ್ಮ ಒತ್ತಾಯಕ್ಕೆ ಒಂದು ತುಂಡು ಹಾಕಿ ಕೊಟ್ಟರು. ಮಂಗಟ್ಟೆ ಮಂಜಿನಲ್ಲಿ ಕೂತ ಹಾಗೆ ಮಸುಕಾಗಿ ಬಂತು. ಒಂದು ಒಗೆತಕ್ಕೆ ಕೊಕ್ಕೇ ಹೋಯಿತು.

ತಪ್ಪು ಖಾದಿಯದಲ್ಲ. ಹತ್ತಿಯ ಎಳೆಯ ಮೇಲೆ ಹುಟ್ಟಾ ಒಂದು ಮೇಣದ ಪದರ ಇರುತ್ತದೆ. ಮಗ್ಗಕ್ಕೆ ಹಾಕುವಾಗ ಹಾಸಿನ ನೂಲು ಹರಿಯದಿರಲಿ ಎಂದು ಗಂಜಿ ಬೇರೆ ಹಾಕುತ್ತಾರೆ. ಈ ಎರಡನ್ನೂ ಸೋಡಾದಲ್ಲಿ ಕುದಿಸಿ ತೆಗೆಯದಿದ್ದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಇದಕ್ಕೂ ಒಂದು ಪರೀಕ್ಷೆ ಇದೆ, ಬೆಂಕಿ ಬೇಡ: ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆಯ ಮೇಲಿನಂತೆ ಹನಿ ನಿಂತರೆ ಬಟ್ಟೆ ಇನ್ನೂ ಕೋರಾ. ತಕ್ಷಣ ಹೀರಿದರೆ ತಯಾರು.

ಅಷ್ಟಾದ ಮೇಲೂ ಮುದ್ರಣಕ್ಕೆ ಮುಂಚೆ ಬಟ್ಟೆಗೆ ಸೋಡಾ, ಕಡಲಕಳೆಯಿಂದ ತೆಗೆದ ಒಂದು ಅಂಟು ಮತ್ತು ಯೂರಿಯಾ ಸವರಬೇಕು. ಹೌದು, ನಮ್ಮ ತೋಟಕ್ಕೆ ಹಾಕುವ ಯೂರಿಯಾವೇ! ಹಬೆಗೆ ಇಟ್ಟಾಗ ತೇವ ಹಿಡಿದಿಟ್ಟು ಬಣ್ಣ ಎಳೆಯೊಳಗೆ ಕರಗಿ ಸೇರುವಂತೆ ಮಾಡುವುದು ಅದರ ಕೆಲಸ. ಹಬೆಯಾದ ಮೇಲೆ ಅಂಟಿಕೊಳ್ಳದ ಬಣ್ಣ ಹೋಗುವವರೆಗೂ ತೊಳೆಯಬೇಕು. ಹಾಗಾಗಿ ಹತ್ತಿಯ ಮುದ್ರಣ ಪೂರಾ ಮಡಿ ಎಂದು ನಾನು ಹೇಳಲಾರೆ. ಆ ತೊಳೆದ ನೀರನ್ನು ಶುದ್ಧಮಾಡದೆ ಚರಂಡಿಗೆ ಬಿಡುವವರ ಹತ್ತಿರ ಮಾಡಿಸಿದರೆ ನಮ್ಮ ಹಳ್ಳ ಉಳಿಸಿ ಅವರ ಕೆರೆ ಕೆಡಿಸಿದ ಹಾಗೆ. ಮಗನಿಗೆ ಮೊದಲು ಅದನ್ನೇ ವಿಚಾರಿಸಲು ಹೇಳಿದೆ.

ಕೈನೂಲಿನ ಬಟ್ಟೆಗೆ ಇನ್ನೊಂದು ತೊಡಕು. ಅದರಲ್ಲಿ ಎಳೆ ಅಲ್ಲಲ್ಲಿ ದಪ್ಪ, ಮೇಲೆ ಸಣ್ಣ ನಾರು ಎದ್ದಿರುತ್ತದೆ. ಮುದ್ರಣದ ತಲೆ ಬಟ್ಟೆಯಿಂದ ಕೆಲವೇ ಮಿಲಿಮೀಟರ್ ಮೇಲೆ ಓಡಾಡುವುದರಿಂದ ನಾರು ತಾಗಿ ತೂತು ಕಟ್ಟಿಕೊಳ್ಳುತ್ತದೆ. ಒಬ್ಬಳು ಹುಡುಗಿ ಕಾಫಿ ತುಂಬುವ ಗೋಣಿಚೀಲದ ಮೇಲೆ ಹಾಕಿಸೋಣ ಅಂದಿದ್ದಳು. ಸೆಣಬಿನ ನಾರಂತೂ ಇನ್ನೂ ಒರಟು, ಆ ಯಂತ್ರದವರು ಹತ್ತಿರವೂ ಸೇರಿಸುವುದಿಲ್ಲ.

ಎಲ್ಲಿಯ ಹತ್ತಿ, ಯಾರ ಮಗ್ಗ

ಈ ಹುಡುಕಾಟದಲ್ಲಿ ಮಕ್ಕಳಿಗೆ ನಮ್ಮ ರಾಜ್ಯದ ಬಟ್ಟೆಯ ಭೂಪಟವೇ ಗೊತ್ತಾಯಿತು. ಗದಗ, ಧಾರವಾಡದ ಕಪ್ಪು ಮಣ್ಣಿನಲ್ಲಿ ಜಯಧರ ಎಂಬ ದೇಸಿ ಹತ್ತಿ ಇದೆ, ಮಳೆಯ ನೀರಿನಲ್ಲೇ ಬೆಳೆಯುವಂಥದ್ದು. ಎಳೆ ಗಿಡ್ಡ ಎಂದು ದೊಡ್ಡ ಗಿರಣಿಗಳಿಗೆ ಅದು ಬೇಡ, ಕೈನೂಲಿಗೆ ಆಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಬಣ್ಣ ಹಾಕದೆಯೇ ಕಂದಾಗಿರುವ ಹತ್ತಿ ತಳಿಯನ್ನೂ ಬೆಳೆಸಿದ್ದಾರೆ. ಸಾಗರದ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಶುರುವಾದ 'ಚರಕ' ಮಹಿಳೆಯರ ಸಹಕಾರ ಸಂಘ. ಅಲ್ಲಿ ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ಬಣ್ಣವಾಗುತ್ತದೆ. ನಮ್ಮ ಮನೆಗಳಲ್ಲಿ ಸೀರೆಗೆ ಬಿದ್ದರೆ ಹೋಗುವುದೇ ಇಲ್ಲ ಎಂದು ಬೈಯಿಸಿಕೊಳ್ಳುವ ಅದೇ ಚೊಗರು.

ಎಲ್ಲಕ್ಕಿಂತ ಮಕ್ಕಳ ಮನಸ್ಸಿಗೆ ಹತ್ತಿದ್ದು ಬಾವುಟದ ಕತೆ. ಧಾರವಾಡದ ಗರಗ ಎಂಬ ಊರು ರಾಷ್ಟ್ರಧ್ವಜದ ಖಾದಿಗೆ ಹೆಸರಾದದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆ ಪಡೆದು ಧ್ವಜ ತಯಾರಿಸುವ ಸಂಸ್ಥೆ ಅದು. ಎಳೆಯ ದಪ್ಪ, ಬಣ್ಣದ ಗಟ್ಟಿತನ, ಚಕ್ರದ ಅಳತೆ ಒಂದೊಂದಕ್ಕೂ ಲೆಕ್ಕವಿದೆ. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದಲ್ಲಿ ನೇಯ್ದ ಬಟ್ಟೆಯಲ್ಲೂ ಪಾಲಿಯೆಸ್ಟರಿನಲ್ಲೂ ಧ್ವಜ ಮಾಡಬಹುದು ಎಂದಾಯಿತು. ಮುಂದಿನ ಆಗಸ್ಟಿನಲ್ಲಿ ಮನೆಮನೆಯ ಮೇಲೆ ಬಾವುಟ ಹಾರಿತು. ಮನೆಮನೆಗೂ ಬಾವುಟ ಸಿಕ್ಕಿತು ಎನ್ನುವುದು ಒಳ್ಳೆಯದೇ. ಆದರೆ ಬೆಂಗೇರಿಯ ಮಗ್ಗದ ಬಾವುಟಕ್ಕೆ ಅದರಷ್ಟು ಅಗ್ಗವಾಗಿ ನಿಲ್ಲಲು ಹೇಗೆ ಸಾಧ್ಯ? ನಮ್ಮ ಮೊಮ್ಮಗಳು ಆ ಆಗಸ್ಟಿನ ಬಾವುಟವನ್ನು ಪುಸ್ತಕದೊಳಗೆ ಮಡಿಚಿಟ್ಟಿದ್ದಳು. ತೆಗೆದು ಮುಟ್ಟಿ ನೋಡಿದಳು. ಅದನ್ನು ಸುಟ್ಟು ಪರೀಕ್ಷೆ ಮಾಡುವ ಮಾತೇ ಇಲ್ಲ ಬಿಡಿ, ಬೆರಳಿಗೇ ಗೊತ್ತಾಯಿತು.

ಅಂಗಡಿಗೆ ಹೋಗುವ ಅಜ್ಜ ಅಜ್ಜಿಯರಿಗೆ ಒಂದೆರಡು ಮಾತು. ಖಾದಿ ಮಾರ್ಕ್, 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್, ಸಾವಯವ ಹತ್ತಿಗೆ ಇರುವ ಜಿಒಟಿಎಸ್ ಎಂಬ ಹಸಿರು ಗುರುತು, ಇವನ್ನು ಕೇಳಿ. ಖಾದಿ ಅಂಗಡಿಯಲ್ಲೇ 'ಪಾಲಿವಸ್ತ್ರ' ಎಂಬ ಪಾಲಿಯೆಸ್ಟರ್ ಬೆರೆತ ಬಟ್ಟೆಯೂ ಇರುತ್ತದೆ, ಚೀಟಿ ಓದಿ. ಇಳಕಲ್ ಅಂಚಿನ ಚಿತ್ರವನ್ನು ಪಾಲಿಯೆಸ್ಟರಿನ ಮೇಲೆ ಮುದ್ರಿಸಿ ಮಾರುವವರಿದ್ದಾರೆ. ಸೀರೆಯ ಹಿಂಭಾಗ ತಿರುಗಿಸಿ, ವಿನ್ಯಾಸ ಅಲ್ಲಿ ಮಸುಕಾಗಿದ್ದರೆ ಅದು ನೇಯ್ದದ್ದಲ್ಲ. 'ಬಿದಿರಿನ ಬಟ್ಟೆ' ಎಂದರೆ ನಮ್ಮ ಮಲೆನಾಡಿನವರಿಗೆ ಮನಸ್ಸು ಕರಗುತ್ತದೆ. ಅದರಲ್ಲಿ ಹೆಚ್ಚಿನದು ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್. ಅದು ಹತ್ತಿಯ ಹಾಗೆಯೇ ಉರಿಯುವುದರಿಂದ ಬೆಂಕಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಇನ್ನು ಕಾಫಿಯ ಬಟ್ಟೆಯೂ ಇದೆ! ತೈವಾನಿನ ಸಿಂಗ್‌ಟೆಕ್ಸ್ ಎಂಬ ಕಂಪನಿ ಕಾಫಿ ಸೋಸಿದ ಚರಟವನ್ನು ನೂಲಿಗೆ ಸೇರಿಸುತ್ತದೆ. ಇದನ್ನು ಕೇಳಿ ಕುಣಿದ ಮಕ್ಕಳು, ಚರಟ ಸೇರುವುದು ಪಾಲಿಯೆಸ್ಟರಿಗೇ ಎಂದು ತಿಳಿದು ಕೂತರು.

ಚೀಲವೋ ಪರದೆಯೋ

ಕೊನೆಗೆ ಸಿಕ್ಕಿದ್ದು ಕೈಮಗ್ಗದ್ದೇ ಆದರೂ ನುಣುಪಾದ, ಕುದಿಸಿ ಮುದ್ರಣಕ್ಕೆ ಸಿದ್ಧಮಾಡಿದ ಹತ್ತಿ ಬಟ್ಟೆ. ಮುದ್ರಣ ಸೇರಿ ಮೀಟರಿಗೆ ಪಟ್ಟಣದ ಅಂಗಡಿ ಹೇಳಿದ್ದರ ಎರಡೂವರೆ ಪಟ್ಟು. ಮೆಣಸಿನ ದುಡ್ಡಿನಲ್ಲಿ ಪಾಲಿಯೆಸ್ಟರಾದರೆ ಪರದೆಯೂ 22 ಚೀಲವೂ ಆಗುತ್ತಿತ್ತು. ಹತ್ತಿಯಾದರೆ ಪರದೆ ಮಾತ್ರ.

ಮೇಷ್ಟ್ರು ಕೈ ಎತ್ತಿಸಿದರು. 13 ಕೈ ಪರದೆಗೆ, 9 ಕೈ ಚೀಲಕ್ಕೆ. ಸೋತ ಒಂಬತ್ತು ಮಂದಿಯಲ್ಲಿ ಇಬ್ಬರು ಅತ್ತರು. ಅವರನ್ನು ನೋಡಿ ನನಗೆ ಆ ಅಂಗಡಿಯವರ ಹತ್ತಿರವೇ ಮಾಡಿಸಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಊರಿನ ನಾಲ್ಕು ಮನೆಯ ಅಜ್ಜಿಯರು ಸೇರಿ ಅಜ್ಜಂದಿರ ಹಳೇ ಪಂಚೆ ಕತ್ತರಿಸಿ ಚೀಲ ಹೊಲಿದೆವು. ಚಿತ್ರವನ್ನು ಮಕ್ಕಳು ಕೈಯಲ್ಲೇ ಬರೆದುಕೊಂಡರು. ಜಿಗಣೆಯ ಚೀಲವನ್ನು ಮಾತ್ರ ಇನ್ನೂ ಯಾರೂ ಹೆಗಲಿಗೆ ಹಾಕಿಲ್ಲ.

ಹಾಳಾದ ಎರಡು ಮಾದರಿಗಳ ಸುದ್ದಿ ಹೇಳದೆ ಬಿಟ್ಟೆ. ಜೂನ್ ಮೊದಲ ವಾರ, ಮಳೆ ಹಿಡಿದ ದಿನ, ಪಾಲಿಯೆಸ್ಟರಿನ ಮಂಗಟ್ಟೆಯನ್ನೂ ಮಸುಕಾದ ಖಾದಿಯ ಮಂಗಟ್ಟೆಯನ್ನೂ ನಾನೇ ಪುಟ್ಟ ಚೀಲ ಹೊಲಿದು ಕೊಟ್ಟಿದ್ದೆ. ಮಕ್ಕಳು ಅವನ್ನು ಕಾಫಿ ಗಿಡದ ಬುಡದಲ್ಲಿ ಗೇಣುದ್ದ ಆಳಕ್ಕೆ ಹೂತು ಕಲ್ಲಿಟ್ಟರು. ದೀಪಾವಳಿ ಕಳೆದ ಮೇಲೆ ಅಗೆದೆವು. ಪಾಲಿಯೆಸ್ಟರ್ ಚೀಲವನ್ನು ಬಚ್ಚಲಲ್ಲಿ ತೊಳೆದರೆ ಮಂಗಟ್ಟೆಯ ಕೊಕ್ಕು ಮೊದಲಿನ ಹಾಗೇ ಹೊಳೆಯಿತು. ಖಾದಿ ಚೀಲ ಹೂತಲ್ಲಿ ಬರೀ ಮಣ್ಣು, ಎರೆಹುಳು. ಮಕ್ಕಳು ಕೇಕೆ ಹಾಕಿದರು.

ಮೊಮ್ಮಗಳು ಮಾತ್ರ ಮಣ್ಣು ಕೆದಕುತ್ತ ಕೂತಿದ್ದಳು. ಎರಡು ಬೆರಳಲ್ಲಿ ಏನನ್ನೋ ಮೆಲ್ಲಗೆ ಎತ್ತಿದಳು. ಬಿಳೀ ದಾರ. ಚೀಲವಿಲ್ಲ, ಚೀಲದ ಹೊಲಿಗೆ ಇದೆ. ಮೂರು ಕಡೆಯ ಹೊಲಿಗೆ ಚೌಕವಾಗಿ ಹಾಗೇ ಉಳಿದಿತ್ತು, ಎಳೆದರೆ ಹರಿಯಲಿಲ್ಲ.

"ಅಜ್ಜಿ, ನೀನು ಹೊಲಿದಿದ್ದು ಎಂಥ ದಾರ?"

ಮನೆಗೆ ಬಂದು ಹೊಲಿಗೆ ಡಬ್ಬಿ ತೆಗೆದು ಕನ್ನಡಕ ಹಾಕಿಕೊಂಡು ರೀಲಿನ ಚೀಟಿ ಓದಿದೆ. ಪಾಲಿಯೆಸ್ಟರ್. ಡಬ್ಬಿಯಲ್ಲಿದ್ದ ಹದಿನಾಲ್ಕು ರೀಲೂ ಅದೇ. ಪಂಚೆಯ ಚೀಲಗಳನ್ನೆಲ್ಲ ಅದರಲ್ಲೇ ಹೊಲಿದಾಗಿತ್ತು. ಪರದೆಯ ಮೂರು ಪಟ್ಟಿ ಜೋಡಿಸಿ, ಮೇಲೂ ಕೆಳಗೂ ಮಡಿಚಿ ಹೊಲಿಯುವುದು ಬಾಕಿ ಇತ್ತು. ಮೂಡಿಗೆರೆ, ಬಾಳೆಹೊನ್ನೂರು, ಚಿಕ್ಕಮಗಳೂರಿಗೆ ಹೋಗುವವರ ಹತ್ತಿರವೆಲ್ಲ ಹತ್ತಿಯ ಹೊಲಿಗೆ ದಾರ ಕೇಳಿ ಬನ್ನಿ ಎಂದು ಹೇಳಿ ಕಳಿಸಿದೆ. "ಈಗೆಲ್ಲಿ ಸಿಗುತ್ತೆ" ಎಂಬ ಮಾತು ಮೂರೂ ಊರಿನಿಂದ ಬಂತು.

ಅಟ್ಟದ ಮೇಲೆ ನನ್ನ ಅಮ್ಮನ ತಗಡಿನ ಪೆಟ್ಟಿಗೆ ಇತ್ತು. ಅದರ ತಳದಲ್ಲಿ ಮರದ ರೀಲಿಗೆ ಸುತ್ತಿದ ಹತ್ತಿಯ ದಾರ, ಹಳದಿ ಹಿಡಿದದ್ದು. ಮೊಮ್ಮಗಳು ಒಂದೆಳೆ ಕಿತ್ತು ಸುಟ್ಟು ನೋಡಿ, ತಲೆ ಆಡಿಸಿದಳು. ಹಳೇ ನೂಲು, ಎರಡೆರಡು ಮೊಳಕ್ಕೆ ತುಂಡಾಗುತ್ತಿತ್ತು. ಜೇನುಮೇಣ ಸವರಿ ಸವರಿ ಕೈಯಲ್ಲೇ ಹೊಲಿದೆ. ವಾರ್ಷಿಕೋತ್ಸವಕ್ಕೆ ಎರಡು ದಿನ ಇದೆ ಎನ್ನುವಾಗ ಮೇಷ್ಟ್ರು ಬಂದು ಪರದೆ ಒಯ್ದರು.